ಅಕ್ಕನ ವಾರ್ಡು

ಹೋಲ್ಮ್‌ಬೆಕ್, ಲಿಂಕನ್‌ಶೈರ್
16 ಮೇ 1995, ಮಂಗಳವಾರ

ಪ್ರೀತಿಯ ಮ್ಯೂರಿಯಲ್ ಅಕ್ಕಾ,

ಮಂಡಿನೋವು ಹೇಗಿದೆ? ವಿಟ್ಬಿಯಲ್ಲಿ ಜಿಲ್‌ಳ ಮನೆಯಿಂದ ಸಮುದ್ರದ ದಂಡೆಗೆ ಇಳಿಯುವ ಮೆಟ್ಟಿಲುಗಳು ತುಂಬಾ ಕಡಿದು ಎಂದು ಬೆರಿಲ್ ಹೇಳಿದಳು. ಮಗಳು ಕರೆದಳೆಂದು ಇಳಿದುಬಿಡಬೇಡ, ಹತ್ತುವಾಗ ಅವಳು ನಿನ್ನನ್ನು ಎತ್ತಿಕೊಂಡು ಬರುವುದಿಲ್ಲ. ರಕ್ತದೊತ್ತಡದ ಮಾತ್ರೆ ಮರೆಯದೆ ತೆಗೆದುಕೊಳ್ಳುತ್ತಿದ್ದೀಯ ತಾನೆ? ಇಲ್ಲಿ ನಾವು ಗಂಡ ಹೆಂಡತಿ ಇಬ್ಬರೂ ಚೆನ್ನಾಗಿದ್ದೇವೆ. ಚೆನ್ನಾಗಿದ್ದೇವೆ ಎಂದು ನಿನಗೆ ಬರೆಯುವುದಕ್ಕೂ ಈಗ ಮುಜುಗರವಾಗುತ್ತದೆ. ದಿನಾ ಸಂಜೆ ನಿನ್ನ ಮನೆಗೆ ಹೋಗಿ ಕಿಟಕಿಯ ಬಳಿಯಿರುವ ಟೊಮ್ಯಾಟೊ ಸಸಿಗಳಿಗೆ ನೀರು ಹಾಕುತ್ತಿದ್ದೇನೆ. ಒಂದು ಸಸಿ ಬಾಡಿದೆ, ನಾನೇ ನೀರು ಹೆಚ್ಚು ಹಾಕಿದೆನೋ ಏನೋ. ಹಾಲಿನವನಿಗೆ ಹೇಳಿದ್ದೇನೆ. ಬಾಗಿಲಲ್ಲಿ ಬಿದ್ದಿದ್ದ ಕಾಗದಗಳನ್ನು ಎತ್ತಿಟ್ಟಿದ್ದೇನೆ. ಹೆಚ್ಚಿನವು ನಿನಗೆ ಸಮಾಧಾನ ಹೇಳಿ ಊರಿನವರು ಬರೆದವು ಇರಬೇಕು. ನಾನು ಒಡೆದು ನೋಡಿಲ್ಲ.

ಫೋನ್ ಮಾಡಬಹುದಿತ್ತು, ಗೊತ್ತು. ನೀನು ಬೆರಿಲ್ ಜೊತೆ ಎರಡು ಸಲ ಮಾತನಾಡಿದೆ, ಎರಡು ಸಲವೂ ನಾನು ಹಿತ್ತಲಿಗೆ ಹೋಗಿ ನಿಂತುಕೊಂಡೆ. ಅರವತ್ಮೂರು ವರ್ಷದ ಗಂಡಸು, ಅಕ್ಕನ ಫೋನಿಗೆ ಹೆದರಿ ಕೋಸಿನ ಗಿಡಗಳ ನಡುವೆ ನಿಂತಿದ್ದೆ ಎಂದರೆ ನಗುತ್ತೀಯೋ ಬೈಯುತ್ತೀಯೋ ತಿಳಿಯದು. ನಕ್ಕರೆ ನನಗೆ ಸ್ವಲ್ಪ ಹಗುರವಾಗುತ್ತದೆ.

ನನ್ನ ತಲೆಯಲ್ಲಿ ಮೊದಲಿನಿಂದ ಒಂದು ಸಲ ಎಲ್ಲವನ್ನೂ ಜೋಡಿಸಿಕೊಳ್ಳುತ್ತೇನೆ, ನಿನಗೆ ಗೊತ್ತಿರುವುದೇ ಆದರೂ ಓದು. ಮಾರ್ಚಿನಲ್ಲಿ ನೀನು ನಮ್ಮ ಅಡುಗೆಮನೆಗೆ ಬಂದು, ಕೋಟು ಕೂಡ ಬಿಚ್ಚದೆ, "ಕ್ಲಿಫ್, ಈ ಸಲ ಕೌನ್ಸಿಲ್ ಚುನಾವಣೇಲಿ ನನ್ನ ಎದುರಿಗೆ ಯಾರೂ ನಿಲ್ತಿಲ್ವಂತೆ ಕಣೋ. ನಿನ್ ಹೆಸರು ಕೊಡು" ಅಂದೆ. ನಾನು ಚಹಾ ಕುಡಿಯುತ್ತಿದ್ದವನು ನೆತ್ತಿಗೇರಿಸಿಕೊಂಡೆ. ಹೋದ ಸಲ ಅವಿರೋಧವಾಗಿ ಆಯ್ಕೆಯಾದದ್ದು ನಿನಗೆ ನಾಲ್ಕು ವರ್ಷ ಮುಳ್ಳಾಗಿ ಚುಚ್ಚುತ್ತಿತ್ತು. "ಯಾರೂ ಓಟು ಹಾಕದೇ ಕೂತ ಕುರ್ಚಿ ನನ್ನದಲ್ಲ, ಯಾರೋ ಮರೆತು ಬಿಟ್ಟುಹೋದ ಕುರ್ಚಿ" ಎಂದು ಎಷ್ಟು ಸಲ ಹೇಳಿಲ್ಲ ನೀನು! ನಮ್ಮೂರಲ್ಲಿ ಹೀಗೆ ಲೆಕ್ಕಕ್ಕೆ ಹೆಸರು ಕೊಡುವವರು ಹಿಂದೆಯೂ ಇದ್ದರು. ನಾಮಪತ್ರ ಹಾಕುವುದು, ಮನೆಯಲ್ಲಿ ಕೂರುವುದು, ಸೋಲುವುದು, ಆಮೇಲೆ ಪಬ್ಬಿನಲ್ಲಿ ಒಂದು ಗ್ಲಾಸ್ ಬಿಯರ್ ಕುಡಿಯುವುದು. ನಾನೂ ಅಷ್ಟೇ ಅಂದುಕೊಂಡೆ. ನನ್ನ ನಾಮಪತ್ರಕ್ಕೆ ಬೇಕಾದ ಹತ್ತು ಜನರ ಸಹಿಯನ್ನು ನೀನೇ ಬೀದಿ ಬೀದಿ ತಿರುಗಿ ತಂದೆ. ಎದುರಾಳಿಗಾಗಿ ಸಹಿ ಕೇಳುತ್ತಾ ಹೋದ ಕೌನ್ಸಿಲರ್ ಇಡೀ ಇಂಗ್ಲೆಂಡಿನಲ್ಲಿ ನೀನೊಬ್ಬಳೇ ಇರಬೇಕು. ಮೂಲೆಮನೆಯ ಮಿಸೆಸ್ ಕ್ಲೂಲೋ ಸಹಿ ಹಾಕುತ್ತಾ, "ಏನಮ್ಮಾ ಮ್ಯೂರಿಯಲ್, ತಮ್ಮನ್ನ ಹಿಡ್ಕೊಂಡು ಬಂದು ನೀನೇ ಬಾರಿಸ್ತೀಯಾ?" ಅಂದಳೆಂದು ನೀನೇ ಹೇಳಿ ನಕ್ಕಿದ್ದೆ.

ಎದುರು ಪಕ್ಷದ ಹೆಸರು ಬಂದದ್ದು ಮಾತ್ರ ನನ್ನ ಕಡೆಯಿಂದ. ಅದು ನಿನಗೆ ಹಿಡಿಸಲಿಲ್ಲ. ನಾನು ಆ ಪಕ್ಷಕ್ಕೆ ಸೇರಿದ್ದು ಅವರ ಕ್ಲಬ್ಬಿನ ಬಿಲಿಯರ್ಡ್ಸ್ ಮೇಜಿನ ಆಸೆಗೆ ಎಂದು ಊರಿಗೆಲ್ಲಾ ಗೊತ್ತು. ಕ್ಲಬ್ಬಿನ ಕಾರ್ಯದರ್ಶಿ ಬಂಟಿಂಗ್, "ನಿಲ್ಲೋದಾದ್ರೆ ನಮ್ ಹೆಸರಲ್ಲಿ ನಿಲ್ಲು. ಇಲ್ದಿದ್ರೆ ಮೇಜಿನ ಹತ್ರ ಬರ್ಬೇಡ" ಅಂದ. ಸೋಲುವವನಿಗೆ ಯಾವ ಹೆಸರಾದರೇನು ಎಂದು ಒಪ್ಪಿದೆ. ಲಂಡನ್ನಿನಲ್ಲಿ ಸರ್ಕಾರ ನಡೆಸುತ್ತಾ ಕೂತಿರುವ ನಿಮ್ಮ ಪಕ್ಷದವರ ಮೇಲೆ ಜನರಿಗೆ ಅಷ್ಟು ಸಿಟ್ಟಿದೆಯೆಂದು ನಾನು ಅಂದಾಜು ಮಾಡಿರಲಿಲ್ಲ. ನೀನೂ ಮಾಡಿರಲಿಲ್ಲ. ಚರಂಡಿ ಸರಿಮಾಡಿಸಿದವಳು, ಗೋರಿಗಳ ಬಳಿ ಕಸದ ಡಬ್ಬ ಇಡಿಸಿದವಳು, ಮುದುಕರ ಮನೆಗಳಿಗೆ ಹೊಸ ಕಿಟಕಿ ಹಾಕಿಸಿದವಳು ನೀನು. ಲಂಡನ್ನಿನ ತೆರಿಗೆಗೂ ನಿನಗೂ ಏನು ಸಂಬಂಧ? ಆದರೆ ಓಟಿನ ಚೀಟಿಯಲ್ಲಿ ಅದನ್ನೆಲ್ಲ ಬರೆದಿರುವುದಿಲ್ಲವಲ್ಲ.

ಇಷ್ಟಕ್ಕೇ ನಿಂತಿದ್ದರೆ ನಾನು ನಿನ್ನ ಮುಖ ನೋಡಬಹುದಿತ್ತು. ನಿನಗೆ ಗೊತ್ತಿಲ್ಲದ್ದು ಒಂದಿದೆ. ಬುಧವಾರದ ಬಸ್ಸು ಜನವರಿಯಲ್ಲಿ ನಿಂತುಹೋಯಿತಲ್ಲ, ನಾನು ಅಷ್ಟು ವರ್ಷ ಓಡಿಸಿದ ಬಸ್ಸು. ಏಪ್ರಿಲಿನಲ್ಲಿ ಅಂಚೆ ಕಚೇರಿಯ ಸಾಲಿನಲ್ಲಿ ಮಿಸೆಸ್ ಕ್ಲೂಲೋ ನನ್ನ ತೋಳು ಹಿಡಿದು, "ಕ್ಲಿಫ್, ನೀನು ಗೆದ್ರೆ ನಮ್ ಬಸ್ಸು ವಾಪಸ್ ಬರುತ್ತೇನಪ್ಪಾ? ಆಸ್ಪತ್ರೆಗೆ ಹೋಗೋಕೆ ಟ್ಯಾಕ್ಸಿಯವನು ನನ್ನ ಪೆನ್ಷನ್ ಅರ್ಧ ನುಂಗ್ತಾನೆ" ಎಂದು ಕೇಳಿದಳು. ಬಸ್ಸಿನ ವಿಷಯ ನಾವು ನಿಂತ ಜಿಲ್ಲಾ ಕೌನ್ಸಿಲಿನ ಕೈಯಲ್ಲಿಲ್ಲ, ಅದು ಅದರ ಮೇಲಿನ ಕೌಂಟಿ ಕೌನ್ಸಿಲಿನವರದ್ದು ಎಂದು ನನಗೆ ಗೊತ್ತಿತ್ತು. ನಿನ್ನ ಬಾಯಿಂದಲೇ ನೂರು ಸಲ ಕೇಳಿದ್ದೆ. ಹಾಗೆಂದು ಹೇಳಬೇಕಿತ್ತು. "ನೋಡೋಣ ಕಣಮ್ಮಾ, ನನ್ನ ಕೈಲಾದ್ದು ಮಾಡ್ತೀನಿ" ಅಂದುಬಿಟ್ಟೆ. ಮುಖದ ಮೇಲೆ ಇಲ್ಲ ಅನ್ನಲಾರದ ನಮ್ಮವರ ಚಾಳಿ ನಿನಗೆ ಗೊತ್ತಲ್ಲ. ನಮ್ಮಪ್ಪನೂ ಹೀಗೆಯೇ ನೋಡೋಣ ಎನ್ನುತ್ತಲೇ ಊರವರ ಬೇಲಿಗಳನ್ನೆಲ್ಲ ಪುಕ್ಕಟೆ ರಿಪೇರಿ ಮಾಡಿಕೊಟ್ಟ. ಸಾಲಿನಲ್ಲಿ ನಿಂತವರೆಲ್ಲ ಕೇಳಿಸಿಕೊಂಡರು. ವಾರ ಕಳೆಯುವಷ್ಟರಲ್ಲಿ ಊರಿಡೀ ಕ್ಲಿಫ್ ಬಸ್ಸು ತರುತ್ತಾನಂತೆ ಎಂಬ ಸುದ್ದಿ. ಚರ್ಚಿನ ಬಾಗಿಲಲ್ಲಿ ಮೂವರು ನನ್ನ ಕೈ ಕುಲುಕಿದರು. ಆಗಲಾದರೂ ತಪ್ಪು ಎಂದು ಹೇಳಬಹುದಿತ್ತು. ನಾನು ಟೋಪಿ ಎತ್ತಿ ನಮಸ್ಕಾರ ಮಾಡಿ ಮನೆಗೆ ಬಂದೆ.

ನಾನು ಓಟು ಹಾಕಿದ್ದು ನಿನಗೇ. ಇದನ್ನು ನಂಬು. ಬೆರಿಲ್ ಕೂಡ ನಿನಗೇ ಹಾಕುತ್ತೇನೆಂದು ಹೊರಟವಳು, ರಾತ್ರಿ ಊಟದ ಹೊತ್ತಿಗೆ ತಟ್ಟೆ ನೋಡುತ್ತಾ, "ನಿಮ್ ಹೆಸರು ಅಚ್ಚಾಗಿರೋದು ಕಂಡೆ, ಕೈ ತಾನಾಗೇ ಅಲ್ಲಿಗೆ ಹೋಯ್ತು. ಒಂದು ಓಟಿಂದ ಏನಾಗುತ್ತೆ ಬಿಡಿ" ಅಂದಳು. ಅವಳ ಮೇಲೆ ಸಿಟ್ಟು ಮಾಡಬೇಡ, ನಿನ್ನ ಫೋನ್ ಬಂದಾಗೆಲ್ಲ ಆಮೇಲೆ ಕೂತು ಅಳುತ್ತಾಳೆ.

ಶುಕ್ರವಾರ ಎಣಿಕೆಯ ಹೊತ್ತಿಗೆ ಒಳಾಂಗಣ ಕ್ರೀಡಾಂಗಣದಲ್ಲಿ ನೀನು ನಿನ್ನ ಪಕ್ಷದ ನೀಲಿ ರಿಬ್ಬನ್ ಹೂವು ಚುಚ್ಚಿಕೊಂಡು, ಥರ್ಮಾಸಿನಿಂದ ಎಣಿಸುವ ಹುಡುಗಿಯರಿಗೆಲ್ಲ ಚಹಾ ಬಗ್ಗಿಸಿಕೊಡುತ್ತಿದ್ದೆ. ನನ್ನ ಹೂವನ್ನು ಬಂಟಿಂಗ್ ಬಲವಂತದಿಂದ ಚುಚ್ಚಿದ್ದ, ನಾನು ಅದನ್ನು ಕೋಟಿನ ಅಂಚಿನಡಿ ಮುಚ್ಚಿಕೊಂಡಿದ್ದೆ. ಮೇಜಿನ ಮೇಲೆ ನನ್ನ ಓಟುಗಳ ಕಟ್ಟು ಬೆಳೆಯುತ್ತಾ ಹೋದದ್ದನ್ನು ನೀನು ನನಗಿಂತ ಮೊದಲೇ ನೋಡಿದೆ. ಹನ್ನೊಂದು ಓಟಿನ ಅಂತರ ಎಂದಾಗ ಅಧಿಕಾರಿ ಮರುಎಣಿಕೆ ಬೇಕೇ ಎಂದು ನಿನ್ನನ್ನು ಕೇಳಿದರು. "ಬೇಡ, ಹುಡುಗಿಯರು ಬೆಳಗ್ಗಿಂದ ಊಟ ಮಾಡಿಲ್ಲ" ಅಂದೆ. ಆ ಮಾತು ನೆನೆದರೆ ಈಗಲೂ ನನಗೆ ನೆಲ ಬಾಯಿಬಿಡಬಾರದೇ ಅನ್ನಿಸುತ್ತದೆ.

ಆಮೇಲೆ ನಾವಿಬ್ಬರೂ ವೇದಿಕೆ ಹತ್ತಿದೆವು. ಗೆದ್ದವನು ನಾಲ್ಕು ಮಾತು ಆಡಬೇಕೆಂಬುದೂ ನನಗೆ ತಿಳಿದಿರಲಿಲ್ಲ. ನೀನೇ ಪಕ್ಕದಲ್ಲಿ ನಿಂತು, ತುಟಿ ಅಲುಗಿಸದೆ, "ಮೊದ್ಲು ಅಧಿಕಾರಿಗೆ ಥ್ಯಾಂಕ್ಸ್ ಹೇಳು. ಆಮೇಲೆ ಎಣಿಸ್ದೋರಿಗೆ, ಪೊಲೀಸ್ನೋರಿಗೆ. ಕೊನೇಲಿ ಸೋತೋರಿಗೆ" ಎಂದು ಹೇಳಿಕೊಟ್ಟೆ. ಚಿಕ್ಕಂದಿನಲ್ಲಿ ಭಾನುವಾರದ ಶಾಲೆಯಲ್ಲಿ ನಾನು ಪದ್ಯ ಮರೆತಾಗ ಹೇಳಿಕೊಡುತ್ತಿದ್ದ ಹಾಗೆಯೇ. ನಾನು ಅಧಿಕಾರಿಗೆ ಹೇಳಿದೆ. ಎಣಿಸಿದವರಿಗೆ ಹೇಳಿದೆ. ಪೊಲೀಸರಿಗೆ ಹೇಳಿದೆ. ಅಷ್ಟರಲ್ಲಿ ಹಿಂದಿನಿಂದ ಯಾರೋ, "ಬಸ್ಸಿನ ವಿಷ್ಯ ಹೇಳೋ ಕ್ಲಿಫ್!" ಎಂದು ಕೂಗಿದರು. ನಾನು ಬಸ್ಸಿನ ವಿಷಯ ಹೇಳಿದೆ. ಚಪ್ಪಾಳೆ ಬಿತ್ತು. ಚಪ್ಪಾಳೆ ಇನ್ನೂ ಬೀಳುತ್ತಿರುವಾಗಲೇ ವೇದಿಕೆ ಇಳಿದುಬಿಟ್ಟೆ. ನಿನ್ನ ಹೆಸರು ಎತ್ತಲೇ ಇಲ್ಲ. ಹಿಂತಿರುಗಿ ನೋಡಿದಾಗ ನೀನು ಅಲ್ಲೇ ನಿಂತು ಎಲ್ಲರ ಜೊತೆ ಚಪ್ಪಾಳೆ ತಟ್ಟುತ್ತಿದ್ದೆ.

ಇಪ್ಪತ್ತು ವರ್ಷ ಈ ಊರಿಗೆ ದುಡಿದವಳಿಗೆ ತಮ್ಮನ ಬಾಯಿಂದ ಒಂದು ಥ್ಯಾಂಕ್ಸ್ ಬರಲಿಲ್ಲ. ಪತ್ರಿಕೆಯವನು ಭಾಷಣ ಪೂರ್ತಿ ಬರೆದುಕೊಂಡಿದ್ದಾನೆ, ಅದರಲ್ಲೂ ಇಲ್ಲ. ಮಾರನೇ ದಿನ ನೀನು ಸೂಟ್‌ಕೇಸ್ ಹಿಡಿದು ಬಂದು, ಬೀಗದ ಕೈ ಕೊಟ್ಟು, "ಸ್ವಲ್ಪ ದಿನ ಜಿಲ್ ಹತ್ರ ಇರ್ತೀನಿ" ಎಂದಾಗಲಾದರೂ ನಾನು ಕ್ಷಮಿಸು ಅನ್ನಬೇಕಿತ್ತು. ಸಸಿಗೆ ಎಷ್ಟು ನೀರು ಹಾಕಬೇಕೆಂದು ಕೇಳಿದೆ.

ಈಗ ನೀನು ಬೆರಿಲ್‌ಗೆ ಹೇಳಿದ ವಿಷಯ. ಗೆದ್ದವನು ಎರಡು ತಿಂಗಳೊಳಗೆ ಕೌನ್ಸಿಲ್ ಕಚೇರಿಗೆ ಹೋಗಿ ಹುದ್ದೆ ಒಪ್ಪಿಕೊಂಡೆನೆಂದು ಸಹಿ ಹಾಕಬೇಕು, ಹಾಕದಿದ್ದರೆ ಸ್ಥಾನ ತಾನಾಗಿ ಖಾಲಿ, ಮತ್ತೆ ಚುನಾವಣೆ. "ಕ್ಲಿಫ್ ಸುಮ್ನೆ ಮನೇಲಿರ್ಲಿ, ಸಹಿ ಮಾಡೋದು ಬೇಡ. ನಾನು ಮತ್ತೆ ನಿಲ್ತೀನಿ, ಈ ಸಲ ಎಲ್ಲ ಸರಿಹೋಗುತ್ತೆ" ಎಂದೆಯಂತೆ. ಆರ್ನಾಲ್ಡ್ ಭಾವ ಹೋದಮೇಲೆ ಈ ಕೆಲಸವೇ ನಿನ್ನನ್ನು ಬೆಳಿಗ್ಗೆ ಎಬ್ಬಿಸುತ್ತಿತ್ತು ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಬೆರಿಲ್ ಕೂಡ, "ಇದ್ರಲ್ಲಿ ಯೋಚ್ನೆ ಮಾಡೋಕೆ ಏನಿದೆ? ಅವ್ರದ್ದು ಅವ್ರಿಗೆ ವಾಪಸ್ ಕೊಡಿ" ಅನ್ನುತ್ತಾಳೆ. ಅದಕ್ಕೆ ಉತ್ತರ ಬರೆಯಲೆಂದೇ ಮಧ್ಯಾಹ್ನದಿಂದ ಕೂತಿದ್ದೇನೆ. ಟೊಮ್ಯಾಟೊ, ಮಂಡಿ, ಬಿಲಿಯರ್ಡ್ಸ್ ಎಲ್ಲ ಬರೆದೆ. ನಿನ್ನ ತಮ್ಮ ಎಂಥವನೆಂದು ನಿನಗೆ ಹೊಸದಾಗಿ ಹೇಳಬೇಕಿಲ್ಲ.

ಅಕ್ಕಾ, ಅಂದು ಆಡದ ಮಾತನ್ನು ಇಲ್ಲಿ ಆಡುತ್ತೇನೆ, ಕೇಳುವವರು ಯಾರೂ ಇಲ್ಲದಿದ್ದರೂ. ನಿನಗೆ ಥ್ಯಾಂಕ್ಸ್. ಚರಂಡಿಗೆ, ಕಿಟಕಿಗಳಿಗೆ, ಹುಡುಗಿಯರಿಗೆ ಬಗ್ಗಿಸಿದ ಚಹಾಕ್ಕೆ, ನನ್ನ ಕಿವಿಯಲ್ಲಿ ಹೇಳಿಕೊಟ್ಟ ನಾಲ್ಕು ಮಾತಿಗೆ. ನಾನು ತುಂಬಾ ನಾಚಿಕೆಪಟ್ಟಿದ್ದೇನೆ.

ಜಿಲ್‌ಗೂ ಅಳಿಯನಿಗೂ ನನ್ನ ಪ್ರೀತಿ ತಿಳಿಸು. ಗಾಳಿಯಲ್ಲಿ ಹೊರಗೆ ಹೋಗುವಾಗ ಸ್ಕಾರ್ಫ್ ಕಟ್ಟಿಕೋ. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ, ನನ್ನನ್ನು ಬೈಯಲಿಕ್ಕಾದರೂ ಗಟ್ಟಿಯಾಗಿ ವಾಪಸ್ ಬಾ.

ನಿನ್ನ ತಮ್ಮ,
ಕ್ಲಿಫರ್ಡ್

ತಾ.ಕ. ಅಂಚೆ ವ್ಯಾನು ಬರುವ ಹೊತ್ತಾಯಿತು, ಬೆರಿಲ್‌ಗೆ ಇದು ಇನ್ನೂ ಗೊತ್ತಿಲ್ಲ. ನಿನ್ನೆ ಬೆಳಿಗ್ಗೆ ಕೌನ್ಸಿಲ್ ಕಚೇರಿಗೆ ಹೋಗಿ ಸಹಿ ಹಾಕಿ ಬಂದೆ. ನೀನು ಬೇಡವೆಂದದ್ದು ಗೊತ್ತಿದ್ದೂ ಹೋದೆ. ಬಂಟಿಂಗ್ ಕಳಿಸಲಿಲ್ಲ, ಮಿಸೆಸ್ ಕ್ಲೂಲೋ ಕೇಳಲಿಲ್ಲ, ಬಸ್ಸಿಗಾಗಿಯೂ ಅಲ್ಲ. ಆ ಚಪ್ಪಾಳೆ ನನಗೆ ಹಿಡಿಸಿತು ಅಕ್ಕಾ, ನನಗೆ ಬೇಕೆನಿಸಿತು. ಕಚೇರಿಯ ಹುಡುಗಿ, "ನಿಮ್ಮಕ್ಕ ಕೂರ್ತಿದ್ದ ಜಾಗ ಕಿಟಕಿ ಪಕ್ಕದ್ದು ಸಾರ್, ನಿಮಗೆ ಬೇಜಾರಾದ್ರೆ ಬೇರೆ ಕಡೆ ಕೊಡ್ಲಾ?" ಎಂದು ಕೇಳಿದಳು. ಬೇಡ, ಅಲ್ಲೇ ಕೂರ್ತೀನಿ ಅಂದೆ.