ಕಡೀ ಖುರ್ಚಿ

ರೇಣವ್ವ,

ಜೀಪು ಬಂದೈತಿ. ಟಿಕೋಟಾದಾಗ ಸಭಾ ಐತಿ, ಅಲ್ಲಿಂದ ಘೋಣಸಗಿಗೆ ಹೋಗಬೇಕು. ಚುನಾವಣಿಗೆ ನಿಂತಾಕಿ ನಾನೇ, ಹೋಗದಿದ್ದರ ನಡಿಯೂದಿಲ್ಲ. ರೊಟ್ಟಿ ಬುಟ್ಟಿಯೊಳಗ ಅದಾವ. ನನ್ನ ಮ್ಯಾಲಿನ ಸಿಟ್ಟಿಗೆ ಉಪಾಸ ಇರಬ್ಯಾಡ.

ಸಂಜಿಕೆ ಸಿದ್ಧೇಶ್ವರ ಗುಡಿ ಮುಂದ ನಮ್ಮ ವಾದ್ಯವೃಂದ ನೀನೇ ನಡಸು. ತಾಳ ತೋರಸೂ ನನ್ನ ಕೋಲು ಟ್ರಂಕಿನಾಗ ಐತಿ. ಅಮೋಘಿ ತಬಲಾ ಓಡಸ್ತಾನ, ಎಡಗೈಲೆ ತಡಿ. ಸಾಬಣ್ಣ ಕಾಕಾಗ ಕ್ಲಾರಿನೆಟ್ ಊದಾಕ ಈಗ ಉಸಿರು ಸಾಲೂದಿಲ್ಲ, ಅವನ ಸಲುವಾಗಿ ಸ್ವಲ್ಪ ತಡದು ನಡಸು.

"ನೀ ಬರ್ತಿ ಏನವ್ವ" ಅಂತ ನಿನ್ನೆ ಕೇಳಿದಿ. ನೋಡೂಣು ಅಂದೆ.

ವಾದ್ಯವೃಂದ ನಡಸಾಕಿ ಮಂದಿಗೆ ಬೆನ್ನು ಮಾಡಿ ನಿಂತಿರ್ತಾಳ, ಹಿಂದ ಯಾರು ಕುಂತಾರ ಆಕಿಗೆ ಕಾಣೂದಿಲ್ಲ. ಹನ್ನೆರಡು ವರ್ಷ ನಿಮ್ಮಪ್ಪ ಕಡೀ ಖುರ್ಚಿಯೊಳಗ ಕುಂತಾನಂತ ತಿಳದು ನಡಸಿದೆ. ಮನಿಗೆ ಬಂದ ಮ್ಯಾಲೆ "ಛಲೋ ಆತು" ಅಂತಿದ್ದ. ಅವ ತೀರಿಕೊಂಡ ಮ್ಯಾಲೆ ಸಾಬಣ್ಣ ಕಾಕಾ ಹೇಳಿದ, ಒಂದ ಸಲಾನೂ ಬಂದಿರಲಿಲ್ಲಂತ. ಬಾರಿಸೋರ ಮುಖ ಮಂದಿ ಕಡೆ ಇರ್ತಾವ, ಅವರಿಗೆಲ್ಲ ಗೊತ್ತಿತ್ತು.

ಅದಕ್ಕ ಬರದಿಟ್ಟೇನಿ. ನಾ ಬರೂದಿಲ್ಲ. ಹಿಂದ ಅವ್ವ ಅದಾಳ ಅಂತ ತಿಳದು ಕೋಲು ಎತ್ತಬ್ಯಾಡ.

ಅವ್ವ