ಜಾಲಿಗೆ ಸಿಕ್ಕ ಸ್ಪೂನ್

ಓಬಳೇಶ,

ಇವತ್ತಿನ ಖರ್ಚು ಮೊದಲು ಹೇಳಿಬಿಡುತ್ತೇನೆ. ನಲವತ್ತು ಮೀಟರ್ ದಾರ, ಅಂಗಡಿಯ ಅರ್ಧ ದಿನದ ವ್ಯಾಪಾರ, ಮತ್ತೆ ನೀನು ಸ್ಟೀಲ್ ಚಮಚದ ಹಿಡಿ ಕತ್ತರಿಸಿ, ತೂತು ಕೊರೆದು, ಗಾಳ ಸಿಕ್ಕಿಸಿ ಕೊಟ್ಟಿದ್ದ, ಮೀನು ಸೆಳೆಯುವ ಸ್ಪೂನ್‌ಗಳಲ್ಲಿ ಉಳಿದಿದ್ದ ಕೊನೆಯದು.

ಅದನ್ನು ವಾಣಿವಿಲಾಸ ಸಾಗರದ ಹಿನ್ನೀರಿಗೆ ಬೀಸಿ ಎಸೆದೆ. ದಾರಕ್ಕೂ ಸ್ಪೂನಿಗೂ ನಡುವೆ ತಿರುಗುವ ಕೊಂಡಿ ಹಾಕು ಎಂದು ನೀನು ಹೇಳುತ್ತಿದ್ದೆ. ದಂಡದ ಖರ್ಚೆಂದು ನಾನು ಹಾಕಿರಲಿಲ್ಲ. ದಾರ ಹುರಿಗೊಂಡು ರೀಲಿನಲ್ಲಿ ಗಂಟಾಯಿತು. ಬಿಡಿಸುವಷ್ಟರಲ್ಲಿ ಸ್ಪೂನ್ ತಳಕ್ಕಿಳಿದು, ಮುಳುಗಿದ ಜಾಲಿಮರಕ್ಕೆ ಕಚ್ಚಿಕೊಂಡಿತು. ಎಳೆದರೆ ಬರಲಿಲ್ಲ, ಕೊಯ್ಯಲು ಮನಸ್ಸಾಗಲಿಲ್ಲ. ಮಧ್ಯಾಹ್ನದವರೆಗೆ ಗಾಳದ ರಾಡು ಹಿಡಿದು ನಿಂತಲ್ಲೇ ನಿಂತೆ.

ತೆಪ್ಪದ ಮೂರ್ತಪ್ಪ ನಕ್ಕ. "ಸಾವ್ಕಾರ್ರೆ, ಮೀನೇ ನಿಮ್ಮನ್ನ ಹಿಡಿದೈತಾ? ಕುಯ್ದು ಹೋಗ್ರಿ. ನಿಮ್ಮ ಅಂಗಡೀಲಿ ಇಂಥವು ನೂರು ಅವೆ."

"ಅವೆಲ್ಲ ಇದನ್ನ ನೋಡಿ ಮಾಡಿಸಿದ್ವು ಕಣಪ್ಪ."

"ಮಾಡಿದೋರ ಹತ್ರ ಇನ್ನೊಂದು ಮಾಡಿಸ್ಕಳ್ರಿ."

ಅಂಗಡಿಯ ಆ ಸ್ಪೂನ್‌ಗಳ ಪೊಟ್ಟಣದ ಮೇಲೆ ನನ್ನ ಹೆಸರಷ್ಟೇ ಅಚ್ಚಾದದ್ದನ್ನು ಕಂಡ ದಿನ ಎದ್ದು ಹೋದವನು ನೀನು ಮತ್ತೆ ಬಂದಿಲ್ಲ. ಕೊನೆಗೆ ದಾರವನ್ನು ನಾನೇ ಕೊಯ್ದೆ.

ಮೂರ್ತಪ್ಪನಿಗೆ ಊರಲ್ಲಿ ಹೇಳಿ ನಗಲು ಒಂದು ಕಥೆ ಸಿಕ್ಕಿತು. ಜಾಲಿಗೆ ಸ್ಪೂನ್ ಸಿಕ್ಕಿತು. ನನಗೆ ಅಂಗಡಿ ಸಿಕ್ಕಿದೆ. ನಿನಗೆ ಏನೂ ಸಿಗಲಿಲ್ಲ.