ನಲವತ್ತು ಸೆಕೆಂಡಿನ ಸಮುದ್ರ

ಡೊಂಬಿವಲಿ ಪೂರ್ವ
೨೧-೪-೨೦೨೫, ಸೋಮವಾರ

ಪ್ರೀತಿಯ ಮಗ ವಿಶಾಲನಿಗೆ ಅಮ್ಮನ ತುಂಬು ಆಶೀರ್ವಾದ.

ಹೇಗಿದ್ದೀಯ ಮಗಾ? ಬೆನ್ನಿನ ಬೆವರುಸಾಲೆ ಕಡಿಮೆಯಾಯಿತೇ? ಕಳೆದ ಸಲ ಜೈಲಿನ ಜಾಲರಿಯ ಆಚೆ ನಿಂತು ನೀನು ಮಾತಿನ ನಡುನಡುವೆ ಬೆನ್ನು ಕೆರೆದುಕೊಳ್ಳುತ್ತಿದ್ದದ್ದು ಕಣ್ಣಿಗೆ ಕಟ್ಟಿದ ಹಾಗಿದೆ. ತಣ್ಣೀರು ಸಿಕ್ಕಿದಾಗಲೆಲ್ಲ ಹೊಯ್ದುಕೋ, ಉಗುರು ತಾಗಿಸಬೇಡ. ನಾನು ಚೆನ್ನಾಗಿದ್ದೇನೆ. ಮಂಡಿ ನೋವು ಇದ್ದದ್ದೇ, ಈ ಒಂದು ತಿಂಗಳಲ್ಲಿ ಅದನ್ನು ವಿಚಾರಿಸಲು ನನಗೆ ಪುರುಸೊತ್ತಾಗಿಲ್ಲ. ನಿನ್ನ ಅಕ್ಕ ರಮಿತಾ ದಿನ ಬಿಟ್ಟು ದಿನ ಕಲ್ಯಾಣದಿಂದ ಬರುತ್ತಾಳೆ, ನಾನು ಉಂಡೆನೋ ಇಲ್ಲವೋ ಎಂದು ಪಾತ್ರೆಗಳ ಮುಚ್ಚಳ ತೆಗೆದು ನೋಡುತ್ತಾಳೆ. ಈ ಕಾಗದವನ್ನು ನಮ್ಮ ವಕೀಲೆ ಪ್ರಿಯಂವದಾಳ ಕೈಯಲ್ಲಿ ಕಳಿಸುತ್ತಿದ್ದೇನೆ. ಅಲ್ಲಿಯವರು ಬಿಚ್ಚಿ ನೋಡುವುದಾದರೆ ನೋಡಲಿ. ನಿನ್ನನ್ನು ಕನ್ನಡ ಶಾಲೆಗೆ ಹಾಕಿದಾಗ ಬಿಲ್ಡಿಂಗಿನವರೆಲ್ಲ ನಕ್ಕಿದ್ದರು. ಈಗ ಆ ಜೈಲಿನಲ್ಲಿ ಇದನ್ನು ಓದಬಲ್ಲವನು ಬಹುಶಃ ನೀನೊಬ್ಬನೇ.

ಹಳೆಯದನ್ನೇ ಮತ್ತೆ ಹೇಳುತ್ತಾಳೆ ಎಂದು ಬೈಯಬೇಡ. ದಿನಾ ಬೆಳಿಗ್ಗೆ ದೀಪ ಹಚ್ಚಿ ಕೂತರೆ ದೇವರ ನಾಮದ ಬದಲು ನನ್ನ ಬಾಯಿಗೆ ಇದೇ ಬರುತ್ತದೆ. ಹೋಳಿಯ ಹಿಂದಿನ ದಿನ ಆ ನಿನ್ನ ಧಣಿ ಸಂಗಮೇಶ ನಿನ್ನನ್ನು ತನ್ನ ಕಾರಿನಲ್ಲಿ ಉರಣದ ಕಡೆಯ ಸಮುದ್ರಕ್ಕೆ ಕರೆದುಕೊಂಡು ಹೋದ. ಯಾವುದೋ ರೆಸಾರ್ಟಿನ ಜಾಹೀರಾತು. ನೌಕಾಪಡೆಯ ನೆಲೆ ಹತ್ತಿರವಿದೆ, ಡ್ರೋನ್ ಹಾರಿಸಬಾರದ ಜಾಗವಲ್ಲವೇ ಎಂದು ನೀನು ಕೇಳಿದ್ದಕ್ಕೆ, 'ಪರ್ಮಿಶನ್ ಆಗ್ಯದಲೇ, ನೀ ಹಾರ್ಸು' ಎಂದ. ನೀನು ಹಾರಿಸಿ ಇಳಿಸಿದೆ. ಅವನು ಮೆಮೊರಿ ಕಾರ್ಡ್ ತೆಗೆದುಕೊಂಡು, ಚಹಾ ತರುತ್ತೇನೆಂದು ಕಾರು ಹತ್ತಿದವನು ಮತ್ತೆ ಬರಲಿಲ್ಲ, ಪೊಲೀಸರು ಬಂದರು. ಯಾರು ಹಾರಿಸಿದ್ದು ಎಂದು ಅವರು ಕೇಳಿದರೆ, ನನ್ನ ಬುದ್ಧಿವಂತ ಮಗ ಎದೆಯುಬ್ಬಿಸಿ 'ಮೈನೇ ಉಡಾಯಾ ಸಾಬ್' ಎಂದ! ಹೆದರಿಕೆಯಿಂದ ಹೇಳಿದ್ದರೆ ಕ್ಷಮಿಸುತ್ತಿದ್ದೆ. ಜಂಬದಿಂದ ಹೇಳಿದೆಯಲ್ಲ, ಅದಕ್ಕೇ ನನಗೆ ನಿನ್ನ ಮೇಲೂ ಸ್ವಲ್ಪ ಸಿಟ್ಟಿದೆ. ಅತ್ತ ಅವನು ಪೊಲೀಸರಿಗೆ ಬರೆದುಕೊಟ್ಟದ್ದು ಬೇರೆಯೇ. ಆ ದಿನವಿಡೀ ತಾನು ಮಹಾಪೆಯ ಆಫೀಸಿನಲ್ಲೇ ಇದ್ದನಂತೆ, ಹುಡುಗ ಡ್ರೋನ್ ಕದ್ದುಕೊಂಡು ಹೋಗಿದ್ದನಂತೆ. ನಾನು ಫೋನು ಮಾಡಿದಾಗ, 'ನಿಮ್ಮ ಮಗಾ ತನ್ನ ಮನಸ್ಸಿಗೆ ಬಂದಂಗ ಮಾಡ್ಯಾನ್ರೀ ಅವ್ವಾ, ನನಗೇನೂ ಗೊತ್ತಿಲ್ಲ' ಎಂದು ಇಟ್ಟುಬಿಟ್ಟ. ನನ್ನನ್ನು ಅವ್ವಾ ಎಂದ ನೋಡು, ಆ ನಾಲಿಗೆಯನ್ನು ಸುಟ್ಟುಹಾಕಬೇಕು ಅನಿಸಿತು. ನಾಲ್ಕು ವರ್ಷ ನಿನ್ನ ಡಬ್ಬಿಯ ಜೊತೆ ಅವನಿಗೂ ಪತ್ರೊಡೆ ಕಳಿಸಿದ ಕೈ ಇದು.

ಮೊದಲ ಭೇಟಿಯಲ್ಲಿ ನೀನು ಏನು ಮಾತಾಡಿದೆ, ನೆನಪಿದೆಯೇ? ಊಟದ ವಿಷಯ ಇಲ್ಲ, ಜಾಮೀನಿನ ವಿಷಯ ಇಲ್ಲ. 'ಅಮ್ಮಾ, ಒಂದು ಶಾಟ್ ಬಂದಿದೆ, ಜಿಂದಗಿಯಲ್ಲಿ ಇಂಥದ್ದು ತೆಗೆದಿರಲಿಲ್ಲ' ಎಂದೆ. ಉಪ್ಪುನೀರಿನ ಕಾಂಡ್ಲಾ ಗಿಡಗಳ ಮೇಲಿಂದ ಹೊರಟು, ಒದ್ದೆ ಮರಳಿಗೆ ಇಳಿದು, ನೀಲಿ ದೋಣಿಯ ಪಕ್ಕದಲ್ಲಿ ಬೊಂಬಿಲ್ ಮೀನು ಒಣಹಾಕುತ್ತಿದ್ದ ಕೆಂಪು ಸೀರೆಯ ಹೆಂಗಸು ಹಣೆಗೆ ಕೈ ಅಡ್ಡ ಹಿಡಿದು ಮೇಲೆ ನೋಡುವಾಗ ಅವಳನ್ನು ದಾಟಿ, ನಲವತ್ತು ಸೆಕೆಂಡು ಎಲ್ಲೂ ಅಲುಗದೆ ಸಮುದ್ರದ ಮೇಲೆ ಹೋಗುವುದಂತೆ. ಮುಲಾಖಾತಿಯ ಹೊತ್ತೆಲ್ಲ ಅದರಲ್ಲೇ ಹೋಯಿತು. ನಿನ್ನ ಎರಡು ಹೆಬ್ಬೆರಳುಗಳು ಆ ಜಾಲರಿಯ ಮೇಲೆ ಮೆಲ್ಲಗೆ ಆಡುತ್ತಿದ್ದವು. ಟಿವಿ ನೋಡುತ್ತ ಡ್ರೋನಿನ ರಿಮೋಟಿನ ಕಡ್ಡಿ ಹಿಡಿದು ಅಭ್ಯಾಸ ಮಾಡುತ್ತಿದ್ದೆಯಲ್ಲ, ಹಾಗೇ. ಮನೆಗೆ ಬಂದು ತುಂಬಾ ಅತ್ತೆ.

ಅತ್ತು ಮುಗಿದ ಮೇಲೆ ಯೋಚಿಸಿದೆ. ಅಂಥ ಶಾಟನ್ನು ಆ ಮನುಷ್ಯ ಸುಮ್ಮನೆ ಬಚ್ಚಿಟ್ಟಾನೇ? ನಿನ್ನ ಕೆಲಸವನ್ನೆಲ್ಲ ತನ್ನದೆಂದು ತೋರಿಸಿ ಅಭ್ಯಾಸವಾದವನು. ಅವನು ಪ್ರತಿ ತಿಂಗಳೂ ಒಂದು ಭಾನುವಾರ ಮಹಾಪೆಯ ಒಂದು ಹಾಲಿನಲ್ಲಿ ಹುಡುಗರಿಗೆ ಡ್ರೋನ್ ಹಾರಿಸುವುದನ್ನು ಕಲಿಸುತ್ತಾನೆಂದೂ, ಅದನ್ನು ತನ್ನ ಚಾನೆಲ್ಲಿನಲ್ಲಿ ಲೈವ್ ಬಿಡುತ್ತಾನೆಂದೂ ರಮಿತಾ ಹುಡುಕಿ ತೆಗೆದಳು. ಈ ತಿಂಗಳ ಪಾಠ ಏನು ಗೊತ್ತೇ? ಸಮುದ್ರ ತೀರವನ್ನು ಅಲುಗಾಡದಂತೆ ತೆಗೆಯುವುದು ಹೇಗೆ! ಹೆಸರು ಕೊಟ್ಟುಬಿಡು ಎಂದೆ. ಯಾರ ಹೆಸರು ಎಂದಳು. ನನ್ನದೇ ಎಂದೆ. ಪತ್ರೊಡೆಯ ರುಚಿ ಗೊತ್ತಿದ್ದವನಿಗೆ ಅದನ್ನು ಮಾಡಿದವಳ ಮುಖ ಗೊತ್ತಿಲ್ಲವಲ್ಲ.

ನಿನ್ನೆ ಹೋಗಿದ್ದೆ. ಹದಿನೈದು ಇಪ್ಪತ್ತು ಎಳೆಯರ ನಡುವೆ ಅರವತ್ತರ ಹತ್ತಿರದ ಮುದುಕಿ ನಾನೊಬ್ಬಳು, ಕಾಟನ್ ಸೀರೆ, ಕೈಯಲ್ಲಿ ಡಬ್ಬಿಯ ಚೀಲ. ಊರಿನ ಕಡಲನ್ನು ಮೇಲಿಂದ ನೋಡುವ ಆಸೆ ಎಂದು ಹಿಂದಿಯಲ್ಲಿ ಹೇಳಿದೆ. ಎಲ್ಲರಿಗೂ ಖುಷಿಯಾಗಿ ಮುಂದಿನ ಕುರ್ಚಿ ಬಿಟ್ಟುಕೊಟ್ಟರು. ಮೊದಲು ಅವನು ಅಂಗಳದಲ್ಲಿ ಹಾರಿಸಿ ತೋರಿಸಿದ. ಅಯ್ಯೋ ಮಗಾ, ನೀನು ನೋಡಬೇಕಿತ್ತು! ಕಡ್ಡಿಯನ್ನು ಲಟಕ್ಕನೆ ತಳ್ಳುತ್ತಾನೆ, ಡ್ರೋನ್ ಬೆಚ್ಚಿಬಿದ್ದ ಕೋಳಿಯ ಹಾಗೆ ಎಗರುತ್ತದೆ. ಮೇಲೇರಿಸುವುದು, ತಿರುಗಿಸುವುದು ಎಲ್ಲ ಒಟ್ಟಿಗೇ. ಒಂದು ಸಲಕ್ಕೆ ಒಂದೇ ಕೆಲಸ ಎಂದು ನೀನು ಹೇಳುತ್ತಿದ್ದದ್ದನ್ನು ನಾನೇ ಎದ್ದು ಹೇಳಿಕೊಡಬೇಕು ಅನಿಸಿತು. ಗಾಳಿ ಸರಿಯಿಲ್ಲ ಎಂದು ಎಲ್ಲರನ್ನೂ ಒಳಗೆ ಕರೆದ. ಗಾಳಿ ಎಲ್ಲಿತ್ತು, ನನ್ನ ಸೆರಗೂ ಅಲುಗುತ್ತಿರಲಿಲ್ಲ.

ಒಳಗೆ ಪರದೆಯ ಮೇಲೆ ಹಾಕಿದ. ಕಾಂಡ್ಲಾ, ಒದ್ದೆ ಮರಳು, ನೀಲಿ ದೋಣಿ. ಕೆಂಪು ಸೀರೆಯವಳು ಹಣೆಗೆ ಕೈ ಹಿಡಿದು ಮೇಲೆ ನೋಡಿದಳು. ನೀನು ಹೇಳಿದ್ದಕ್ಕಿಂತ ಚೆನ್ನಾಗಿದೆ ಮಗಾ. ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ, ನಿನಗಾಗಿ. ಆಮೇಲೆ ಏನೂ ಅರಿಯದವಳ ಹಾಗೆ ಕೇಳಿದೆ, ಬೇಟಾ, ಇದನ್ನು ತೆಗೆದದ್ದು ಯಾರು, ಎಲ್ಲಿ, ಯಾವಾಗ ಎಂದು. ಅವನ ಮುಖ ಹೂವಿನ ಹಾಗೆ ಅರಳಿತು. 'ಪೂರಾ ಮೈನೇ ಉಡಾಯಾ ಆಂಟೀಜಿ, ಅಪನೇ ಹಾಥ್ ಸೇ. ಉರಣ್ ಮೇ. ಹೋಲಿ ಕೇ ಏಕ್ ದಿನ್ ಪೆಹಲೇ, ಸುಬಹ್ ಆಠ್ ಬಜೇ.' ತಾನೇ ಹಾರಿಸಿದ್ದು, ಉರಣದಲ್ಲಿ, ಹೋಳಿಯ ಹಿಂದಿನ ದಿನ ಬೆಳಿಗ್ಗೆ ಎಂಟಕ್ಕೆ, ಇಷ್ಟನ್ನೂ ತನ್ನದೇ ಕ್ಯಾಮೆರಾದ ಎದುರು, ಲೈವಿನಲ್ಲಿ ಹೇಳಿದ. ಪರ್ಮಿಶನ್ ಸಿಗುತ್ತದೆಯೇ ಎಂದು ಹಿಂದಿನಿಂದ ಒಬ್ಬಳು ಕೇಳಿದ್ದಕ್ಕೆ ಕಣ್ಣು ಹೊಡೆದ. ನನ್ನ ಒಡಲಿಗೆ ಆಗ ಆದ ತಂಪು ನಿನಗೆ ಹೇಗೆ ಹೇಳಲಿ!

ಹೊರಡುವ ಮೊದಲು ಡಬ್ಬಿ ಬಿಚ್ಚಿ ಅವನ ಎದುರು ಹಿಡಿದೆ. ಅಷ್ಟು ದುಷ್ಟಳಾಗಬಾರದಿತ್ತು ಎಂದು ರಮಿತಾ ಬೈದಳು, ನನಗೆ ಸ್ವಲ್ಪವೂ ಪಶ್ಚಾತ್ತಾಪ ಇಲ್ಲ. ಎರಡು ತುಂಡು ಪತ್ರೊಡೆ ತಿಂದು, ನಮ್ಮಲ್ಲೊಬ್ಬ ಹುಡುಗ ಇದನ್ನು ತರುತ್ತಿದ್ದ ಎಂದ. ಅವನೀಗ ಎಲ್ಲಿ ಎಂದು ಕೇಳಿದೆ. 'ಕಾಮ್ ಛೋಡ್ ದಿಯಾ', ಕೆಲಸ ಬಿಟ್ಟನಂತೆ, ಎಂದು ಮೂರನೆಯ ತುಂಡಿಗೆ ಕೈ ಹಾಕಿದ. ತಿನ್ನಲಿ ಎಂದು ಡಬ್ಬಿಯನ್ನು ಇನ್ನಷ್ಟು ಹತ್ತಿರ ಸರಿಸಿದೆ. ರಾತ್ರಿಯೊಳಗೆ ರಮಿತಾ ಆ ವಿಡಿಯೊವನ್ನು ಪೂರ್ತಿ ಇಳಿಸಿಕೊಂಡಳು, ಇವತ್ತು ಬೆಳಿಗ್ಗೆ ಅದು ಪ್ರಿಯಂವದಾಳ ಕೈ ಸೇರಿತು. ಆಫೀಸಿನಲ್ಲಿದ್ದೆ ಎಂದು ಬರೆದುಕೊಟ್ಟ ಸುಳ್ಳಿಗೆ ಅವನು ಈಗ ಉತ್ತರ ಹುಡುಕಲಿ. ನ್ಯಾಯ ಸಿಗುತ್ತದೆ ಆಂಟಿ ಎಂದಳು ಆ ಹುಡುಗಿ. ನನಗೆ ನ್ಯಾಯ ಆಮೇಲೆ, ಮೊದಲು ಅವನು ಬೆವರುವುದನ್ನು ನೋಡಬೇಕು.

ಹೊತ್ತು ಹೊತ್ತಿಗೆ ಉಣ್ಣು. ನಿನ್ನ ಜೊತೆ ಇರುವ, ಓದು ಬಾರದ ಆ ರಾಯಚೂರಿನ ಗುರುವಪ್ಪನವರಿಗೆ ನನ್ನ ನಮಸ್ಕಾರ ಹೇಳು, ನಿನ್ನನ್ನು ನೋಡಿಕೊಳ್ಳುತ್ತಿದ್ದಾರೆ. ದೇವರು ನಿನ್ನನ್ನು ಬೇಗ ಮನೆಗೆ ಕಳಿಸಲಿ.

ನಿನ್ನ ಅಮ್ಮ,
ಪ್ರಫುಲ್ಲಾ

ಮತ್ತೆ: ಪ್ರಿಯಂವದಾ ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಾಳೆ, ಬೇಗ ಬರೆಯುತ್ತೇನೆ. ಗುರುವಾರ ಜಾಮೀನಿನ ವಿಚಾರಣೆ. ಪೊಲೀಸರ ಮುಂದೆ ನೀನು ಆಡಿದ ಮಾತು ಕೋರ್ಟಿನಲ್ಲಿ ನಿಲ್ಲುವುದಿಲ್ಲವಂತೆ, ಜಡ್ಜರ ಮುಂದೆ ಆಡಿದರೆ ನಿಲ್ಲುತ್ತದಂತೆ. ಅಲ್ಲಿ ಆ ವಿಡಿಯೊ ಹಾಕುತ್ತಾರೆ. ಪೂರಾ ನನ್ನದು ಎಂದು ಅವನು ಹೇಳುವುದು ನಿನ್ನ ಕಿವಿಗೆ ಬೀಳುತ್ತದೆ. ನಿನ್ನ ರಕ್ತ ಕುದಿಯುತ್ತದೆ ಎಂದು ನನಗೆ ಗೊತ್ತು. ಆದರೂ ಬಾಯಿ ಬಿಡಬೇಡ. ಗುರುವಾರ ಮಾತ್ರವಲ್ಲ, ಹೊರಗೆ ಬಂದ ಮೇಲೂ, ನಾಳೆ ಮದುವೆಯಾಗುವವಳ ಹತ್ತಿರವೂ, ಅದು ನನ್ನದು ಎಂದು ಹೇಳಬಾರದು. ನೀನು ತೆಗೆದದ್ದರಲ್ಲೆಲ್ಲ ಚಂದದ್ದು ಅದೇ ಎಂದು ಗೊತ್ತಿದ್ದೇ ಕೇಳುತ್ತಿದ್ದೇನೆ. ಕೊಟ್ಟುಬಿಡು ಮಗಾ. ಅದನ್ನು ಅವನೇ ಇಟ್ಟುಕೊಳ್ಳಲಿ, ಅದರ ಜೊತೆಗೆ ಆ ಜೈಲಿನಲ್ಲಿರುವ ನಿನ್ನ ಚಾಪೆಯನ್ನೂ.